ಎನ್‌ಎಫ್‌ಎಲ್ ಆಫ್‌ಸೀಸನ್‌ನಲ್ಲಿ ತಂಡದ ರೋಸ್ಟರ್ (ಆಟಗಾರರ ಪಟ್ಟಿ) ತೂಗಿ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಲೀಗ್ ಎಂದರೆ 32 ತಂಡಗಳ ಎನ್‌ಎಫ್‌ಎಲ್. ಡಲ್ಲಾಸ್, ಸ್ಯಾಂಟಾ ಕ್ಲಾರಾ, ನ್ಯೂ ಜೆರ್ಸಿ ಕಡೆ ನೆಲೆಸಿ ಊರಿನ ತಂಡವನ್ನು ತಮ್ಮದಾಗಿಸಿಕೊಂಡವರಿಗೂ, ಕರ್ನಾಟಕದಲ್ಲೇ ಕೂತು ಭಾನುವಾರ ರಾತ್ರಿ ಹತ್ತೂವರೆಗೆ ಪಂದ್ಯ ಹಾಕುವವರಿಗೂ ಈ ಪುಟ. ಆಟದ ನಿಯಮ ಗೊತ್ತಿದೆ, ಆದರೆ ಫೆಬ್ರವರಿಯಿಂದ ಆಗಸ್ಟ್‌ವರೆಗೆ, ಪಂದ್ಯಗಳಿಲ್ಲದ ಆಫ್‌ಸೀಸನ್‌ನಲ್ಲಿ, ಬರುವ ಸುದ್ದಿಗಳ ತಲೆಬುಡ ತಿಳಿಯುತ್ತಿಲ್ಲ ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ.

ಆಫ್‌ಸೀಸನ್‌ನಲ್ಲಿ ಯಾವ ದಿನಗಳ ಮೇಲೆ ಕಣ್ಣಿಡಬೇಕು?

ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಸೂಪರ್ ಬೌಲ್ ಮುಗಿಯುತ್ತದೆ. ಅಲ್ಲಿಂದ ಮಾರ್ಚ್ ಮೊದಲ ವಾರದವರೆಗೆ ಫ್ರಾಂಚೈಸ್ ಟ್ಯಾಗ್ ಹಾಕುವ, ಅಂದರೆ ಸ್ವತಂತ್ರನಾಗಬೇಕಾದ ಒಬ್ಬನನ್ನು ಇನ್ನೊಂದು ವರ್ಷ ಕಟ್ಟಿಹಾಕುವ ಅವಧಿ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್, ಅಂದರೆ ಕಾಲೇಜು ಆಟಗಾರರ ಓಟ, ಜಿಗಿತ, ವೈದ್ಯಕೀಯ ತಪಾಸಣೆ. ಮಾರ್ಚ್ ಮಧ್ಯದಲ್ಲಿ ಲೀಗ್‌ನ ಹೊಸ ವರ್ಷ ಶುರುವಾಗುತ್ತದೆ. 2025ರಲ್ಲಿ ಅದು ಮಾರ್ಚ್ 12. ಅದಕ್ಕೆ ಎರಡು ದಿನ ಮೊದಲೇ ಫ್ರೀ ಏಜೆಂಟ್‌ಗಳ (ಒಪ್ಪಂದ ಮುಗಿದು ಸ್ವತಂತ್ರರಾಗಲಿರುವ ಆಟಗಾರರ) ಜೊತೆ ಮಾತುಕತೆಗೆ ಅನುಮತಿ ಇರುವುದರಿಂದ ದೊಡ್ಡ ಒಪ್ಪಂದಗಳೆಲ್ಲ ಆ ಎರಡು ದಿನಗಳಲ್ಲೇ ಕುದುರಿರುತ್ತವೆ.

ಏಪ್ರಿಲ್ ಕೊನೆಯ ವಾರ ಏಳು ಸುತ್ತಿನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು. ಗುರುವಾರ ರಾತ್ರಿ ಎಂಟಕ್ಕೆ ಅಲ್ಲಿ ಶುರುವಾದರೆ ನಮಗೆ ಶುಕ್ರವಾರ ಬೆಳಗಿನ ಐದೂವರೆ. ಮೇ ಮೊದಲ ವಾರ ಐದನೇ ವರ್ಷದ ಆಯ್ಕೆಯ (ಮೊದಲ ಸುತ್ತಿನಲ್ಲಿ ಬಂದವನ ನಾಲ್ಕು ವರ್ಷದ ಒಪ್ಪಂದವನ್ನು ತಂಡ ಇನ್ನೊಂದು ವರ್ಷ ಬೆಳೆಸುವ ಹಕ್ಕಿನ) ಗಡುವು. ಮೇ, ಜೂನ್‌ನಲ್ಲಿ ಮೈಗೆ ಮೈ ತಾಗಿಸದ ಅಭ್ಯಾಸಗಳು, ಜುಲೈ ಕೊನೆಗೆ ಟ್ರೈನಿಂಗ್ ಕ್ಯಾಂಪ್, ಆಗಸ್ಟ್ ಕೊನೆಗೆ 53 ಜನರ ಪಟ್ಟಿ. ಆ ಕೊನೆಯ ಗಡುವು ಅಮೆರಿಕದ ಪೂರ್ವ ತೀರದ ಮಂಗಳವಾರ ಸಂಜೆ ನಾಲ್ಕು, ನಮ್ಮ ಬುಧವಾರ ನಸುಕಿನ ಒಂದೂವರೆ.

90, 53, 48, 16: ಇಷ್ಟೊಂದು ಸಂಖ್ಯೆಗಳು ಯಾಕೆ?

ಬೇಸಿಗೆಯಲ್ಲಿ ತಂಡವೊಂದು 90 ಜನರನ್ನು ಇಟ್ಟುಕೊಳ್ಳಬಹುದು. ಸೀಸನ್ ಶುರುವಾಗುವಾಗ 53. ಅವರಲ್ಲಿ ಪಂದ್ಯದ ದಿನ ಅಂಗಳಕ್ಕಿಳಿಯಲು ಅರ್ಹರಾದವರು 48, ಅದೂ ಎಂಟು ಮಂದಿ ಆಫೆನ್ಸಿವ್ ಲೈನ್‌ಮನ್‌ಗಳಿದ್ದರೆ ಮಾತ್ರ, ಇಲ್ಲದಿದ್ದರೆ 47. ಪ್ರಾಕ್ಟೀಸ್ ಸ್ಕ್ವಾಡ್‌ನಲ್ಲಿ ಇನ್ನೂ 16 ಜನ. ಅವರಲ್ಲಿ ವಾರಕ್ಕೆ ಇಬ್ಬರನ್ನು ಪಂದ್ಯಕ್ಕೆ ಮೇಲೆತ್ತಬಹುದು, ಒಬ್ಬನನ್ನು ಸೀಸನ್ನಿನಲ್ಲಿ ಮೂರು ಸಲ ಮಾತ್ರ.

ಈ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ಜೂನ್‌ನಲ್ಲಿ "ನಮ್ಮಲ್ಲಿ ಎಂಟು ಜನ ಒಳ್ಳೆಯ ರಿಸೀವರ್‌ಗಳಿದ್ದಾರೆ" ಎಂಬ ಮಾತು ಕೇಳಿ ಹಿಗ್ಗುವುದಿಲ್ಲ. ಉಳಿಯುವವರು ಐದೋ ಆರೋ ಮಂದಿ.

ಒಂದು ತಂಡವನ್ನು ತೂಗಲು ಎಲ್ಲಿಂದ ಶುರು ಮಾಡಬೇಕು?

ಹೆಸರುಗಳಿಂದಲ್ಲ, ಸ್ನ್ಯಾಪ್‌ಗಳಿಂದ, ಅಂದರೆ ಚೆಂಡು ಚಲಿಸುವ ಒಂದೊಂದು ಆಟದ ಎಣಿಕೆಯಿಂದ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ಒಂದು ಪಂದ್ಯದಲ್ಲಿ ತಂಡದ ಆಫೆನ್ಸ್ ಸುಮಾರು 60ರಿಂದ 65 ಸ್ನ್ಯಾಪ್ ಆಡುತ್ತದೆ. 17 ಪಂದ್ಯಕ್ಕೆ ಹೆಚ್ಚುಕಡಿಮೆ 1,050. ಪ್ರತಿ ಸ್ನ್ಯಾಪ್‌ಗೂ 11 ಜನ, ಅಂದರೆ ಇಡೀ ವರ್ಷಕ್ಕೆ ಸುಮಾರು 11,500 ಆಳು-ಸ್ನ್ಯಾಪ್. ಡಿಫೆನ್ಸ್‌ಗೂ ಅಷ್ಟೇ. ತಂಡ ಪ್ರತಿವರ್ಷ ತುಂಬಬೇಕಾದ ಕಣಜ ಇದು.

ಕೆಲಸ ಹೀಗೆ. ಕಳೆದ ಸೀಸನ್ನಿನ ಸ್ನ್ಯಾಪ್ ಎಣಿಕೆ ಎಲ್ಲರಿಗೂ ಸಿಗುತ್ತದೆ. ಅದನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಪ್ರತಿ ಆಟಗಾರನ ಮುಂದೆ ನಾಲ್ಕು ಕಾಲಂ: ಆಡಿದ ಸ್ನ್ಯಾಪ್, ಸೆಪ್ಟೆಂಬರ್‌ಗೆ ಆಗುವ ವಯಸ್ಸು, ಒಪ್ಪಂದ ಮುಗಿಯುವ ವರ್ಷ, ಈ ವರ್ಷದ ಕ್ಯಾಪ್ ಹಿಟ್ (ತಂಡದ ಸಂಬಳ ಮಿತಿಯಲ್ಲಿ ಅವನ ಪಾಲು). ಒಪ್ಪಂದ ಮುಗಿದವರು, ನಿವೃತ್ತರಾದವರು, ಕೈಬಿಟ್ಟವರು, ಟ್ರೇಡ್ ಆದವರು ಇವರ ಸ್ನ್ಯಾಪ್‌ಗಳನ್ನು ಕೂಡಿಸಿ. ಆಫೆನ್ಸ್‌ನಲ್ಲಿ 2,300 ಖಾಲಿ ಬಿದ್ದಿದ್ದರೆ ಐದನೇ ಒಂದು ಪಾಲು ಕೆಲಸಕ್ಕೆ ಆಳಿಲ್ಲ ಎಂದರ್ಥ. ಆಮೇಲೆ ಪ್ರತಿ ಖಾಲಿ ಜಾಗಕ್ಕೂ ಒಂದು ಹೆಸರು ಬರೆಯಿರಿ. ಹೆಸರು ಹೊಳೆಯದ ಕಡೆ, ಅಥವಾ ಕಳೆದ ವರ್ಷ 150 ಸ್ನ್ಯಾಪ್ ಆಡಿದವನ ಹೆಸರಿನ ಮುಂದೆ 900 ಬರೆಯಬೇಕಾಗಿ ಬಂದ ಕಡೆ, ಅದೇ ನಿಜವಾದ ತೂತು.

ಇದರ ಲಾಭ ಏನೆಂದರೆ ಹೆಸರಿನ ಹೊಳಪು ಕಣ್ಣು ಕುಕ್ಕುವುದಿಲ್ಲ. 280 ಸ್ನ್ಯಾಪ್ ಆಡಿದ ಜನಪ್ರಿಯ ರಿಸೀವರ್ ಹೋದಾಗ ಗದ್ದಲವಾಗುತ್ತದೆ. 1,050 ಸ್ನ್ಯಾಪ್ ಆಡಿದ ಎಡ ಗಾರ್ಡ್ ಹೋದ ಸುದ್ದಿ ಎರಡು ಸಾಲಿನಲ್ಲಿ ಮುಗಿಯುತ್ತದೆ. ನವೆಂಬರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳತೊಡಗಿದಾಗ ಯಾವುದು ದೊಡ್ಡ ನಷ್ಟ ಎಂದು ಗೊತ್ತಾಗುತ್ತದೆ.

ಇದೇ ಹಾಳೆಯನ್ನು ಮುಂದಿನ ವರ್ಷಕ್ಕೂ ಹಾಕಿ ನೋಡಿ. ಮೂರು ಜನ ಲೈನ್‌ಮನ್‌ಗಳ ಒಪ್ಪಂದ ಒಟ್ಟಿಗೇ ಬರುವ ಮಾರ್ಚ್‌ಗೆ ಮುಗಿಯುತ್ತಿದ್ದರೆ ಈ ಏಪ್ರಿಲ್‌ನಲ್ಲೇ ತಂಡ ಒಬ್ಬ ಟ್ಯಾಕಲ್‌ನನ್ನು ಆರಿಸುವುದು ಯಾಕೆಂದು ಅರ್ಥವಾಗುತ್ತದೆ. ಒಳ್ಳೆಯ ಜನರಲ್ ಮ್ಯಾನೇಜರ್‌ಗಳು ಡ್ರಾಫ್ಟ್ ಮಾಡುವುದು ಒಂದು ವರ್ಷ ಮುಂದಿನ ತೂತಿಗೆ.

53 ಜನರನ್ನು ಜಾಗಗಳಿಗೆ ಹೇಗೆ ಹಂಚುತ್ತಾರೆ?

ಸಾಮಾನ್ಯವಾಗಿ ಕಾಣುವ ಹಂಚಿಕೆ: ಕ್ವಾರ್ಟರ್‌ಬ್ಯಾಕ್ 2 ಅಥವಾ 3, ರನ್ನಿಂಗ್ ಬ್ಯಾಕ್ 3–4, ರಿಸೀವರ್ 5–6, ಟೈಟ್ ಎಂಡ್ 3–4, ಆಫೆನ್ಸಿವ್ ಲೈನ್ 8–10, ಡಿಫೆನ್ಸಿವ್ ಲೈನ್ ಮತ್ತು ಎಡ್ಜ್ (ಸಾಲಿನ ಅಂಚಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರು) ಸೇರಿ 9–10, ಒಳಗಿನ ಲೈನ್‌ಬ್ಯಾಕರ್ 5 ಆಸುಪಾಸು, ಕಾರ್ನರ್ 5–6, ಸೇಫ್ಟಿ 4–5, ಕಿಕ್ಕರ್, ಪಂಟರ್ ಮತ್ತು ಲಾಂಗ್ ಸ್ನ್ಯಾಪರ್ (ಕಿಕ್, ಪಂಟ್‌ಗಾಗಿ ಚೆಂಡನ್ನು ಹಿಂದಕ್ಕೆ ಎಸೆಯುವವನು) ತಲಾ ಒಬ್ಬರು.

ಹೆಚ್ಚಿನವರು ಎಡವುವುದು ಡಿಫೆನ್ಸ್‌ನಲ್ಲಿ. ಹಳೆಯ ಲೆಕ್ಕದಂತೆ ನಾಲ್ವರು ಹಿಂದಿನ ಸಾಲಿನವರನ್ನು "ಸ್ಟಾರ್ಟರ್" ಎಂದು ಎಣಿಸಿ ಕೈ ತೊಳೆದುಕೊಳ್ಳುತ್ತಾರೆ. ಈಗ ಎದುರಾಳಿ ಬಹುಪಾಲು ಆಟಗಳಲ್ಲಿ ಮೂವರು ರಿಸೀವರ್‌ಗಳನ್ನು ಇಳಿಸುವುದರಿಂದ ಐದನೆಯ ಡಿಫೆನ್ಸಿವ್ ಬ್ಯಾಕ್, ಅಂದರೆ ನಿಕಲ್, ಅರ್ಧಕ್ಕಿಂತ ಹೆಚ್ಚು ಸ್ನ್ಯಾಪ್ ಆಡುತ್ತಾನೆ. ಮೂರನೇ ಲೈನ್‌ಬ್ಯಾಕರ್‌ಗಿಂತ ಅವನೇ ನಿಜವಾದ ಸ್ಟಾರ್ಟರ್. ಮುಂದಿನ ಸಾಲಿನಲ್ಲಿ ಎಂಟು ಜನ ಸರದಿಯಲ್ಲಿ ಆಡುವುದರಿಂದ ಅಲ್ಲಿ "ನಾಲ್ವರು ಸ್ಟಾರ್ಟರ್" ಎಂಬ ಮಾತಿಗೇ ಅರ್ಥ ಕಡಿಮೆ.

ಆಫೆನ್ಸಿವ್ ಲೈನ್‌ನಲ್ಲಿ ಆರನೆಯ ಮತ್ತು ಏಳನೆಯ ಆಳನ್ನು ನೋಡದೆ ಅಂಕ ಕೊಡಬೇಡಿ. ಎಡಕ್ಕೂ ಬಲಕ್ಕೂ ಆಡಬಲ್ಲ ಒಬ್ಬ ಟ್ಯಾಕಲ್ ಬೇಕು, ಚೆಂಡು ಸ್ನ್ಯಾಪ್ ಮಾಡಬಲ್ಲ ಒಬ್ಬ ಗಾರ್ಡ್ ಬೇಕು. ಎರಡನೆಯದು ಇಲ್ಲದ ತಂಡದ ಸೆಂಟರ್ ಗಾಯಗೊಂಡರೆ ಎರಡು ಜಾಗ ಏಕಕಾಲಕ್ಕೆ ಅಲುಗಾಡುತ್ತವೆ.

ಕ್ಯಾಪ್ ಎಂದರೇನು? ಐಪಿಎಲ್ ಪರ್ಸ್‌ನಂತೆಯೇ?

ಕ್ಯಾಪ್ ಎಂದರೆ ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ತೋರಿಸಬಹುದಾದ ಒಟ್ಟು ಖರ್ಚಿನ ಮಿತಿ. ಮಿತಿ ಇದೆ ಎಂಬಷ್ಟಕ್ಕೆ ಹೌದು. ಎಲ್ಲ 32 ತಂಡಗಳಿಗೂ ಒಂದೇ ಮೊತ್ತ: 2023ರಲ್ಲಿ 22.48 ಕೋಟಿ ಡಾಲರ್, 2024ರಲ್ಲಿ 25.54 ಕೋಟಿ, 2025ರಲ್ಲಿ 27.92 ಕೋಟಿ. ವ್ಯತ್ಯಾಸ ಇರುವುದು ಎರಡು ಕಡೆ. ಐಪಿಎಲ್ ಮೆಗಾ ಹರಾಜಿನಂತೆ ಮೂರು ವರ್ಷಕ್ಕೊಮ್ಮೆ ತಂಡವನ್ನು ಬಿಚ್ಚಿ ಹರಡುವ ಪದ್ಧತಿ ಇಲ್ಲಿಲ್ಲ. ಮತ್ತು ಕೊಟ್ಟ ದುಡ್ಡು ಬೇರೆ, ಕ್ಯಾಪ್‌ನಲ್ಲಿ ತೋರುವ ದುಡ್ಡು ಬೇರೆ.

ಉದಾಹರಣೆಗೆ ನಾಲ್ಕು ವರ್ಷದ ಒಪ್ಪಂದ, 2 ಕೋಟಿ ಡಾಲರ್ ಸೈನಿಂಗ್ ಬೋನಸ್ ಎಂದುಕೊಳ್ಳಿ. ಆಟಗಾರನ ಕೈಗೆ ಬೋನಸ್ ಆರಂಭದಲ್ಲೇ ಸೇರುತ್ತದೆ. ಕ್ಯಾಪ್‌ನಲ್ಲಿ ಮಾತ್ರ ವರ್ಷಕ್ಕೆ 50 ಲಕ್ಷದಂತೆ ಹಂಚಿಕೆಯಾಗುತ್ತದೆ. ಹೀಗೆ ಹಂಚಲು ಗರಿಷ್ಠ ಐದು ವರ್ಷ. ಎರಡು ಸೀಸನ್ ಆಡಿಸಿ ಅವನನ್ನು ಕೈಬಿಟ್ಟರೆ ಉಳಿದ 1 ಕೋಟಿ ತಕ್ಷಣ ಈ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತದೆ. ಇದೇ ಡೆಡ್ ಮನಿ. ಮೂರನೇ ವರ್ಷ ಅವನ ಸಂಬಳ 1.2 ಕೋಟಿ, ಅದಕ್ಕೆ ಗ್ಯಾರಂಟಿ ಇಲ್ಲ ಎಂದಾದರೆ ಕ್ಯಾಪ್ ಹಿಟ್ 1.7 ಕೋಟಿ, ಕೈಬಿಟ್ಟಾಗ ಉಳಿಯುವುದು 70 ಲಕ್ಷ ಮಾತ್ರ. "1.7 ಕೋಟಿಯ ಆಟಗಾರನನ್ನು ತೆಗೆದರೆ 1.7 ಕೋಟಿ ಸಿಗುತ್ತದೆ" ಎಂಬ ಲೆಕ್ಕ ತಪ್ಪುವುದು ಇಲ್ಲೇ.

ಜೂನ್ 1ರ ನಿಯಮ (ಆ ದಿನದ ನಂತರ ಬಿಟ್ಟಂತೆ ಲೆಕ್ಕ ಹಿಡಿಯುವುದು) ಬಳಸಿದರೆ ಡೆಡ್ ಮನಿ ಎರಡು ವರ್ಷಕ್ಕೆ ಒಡೆಯುತ್ತದೆ: ಈ ವರ್ಷ 50 ಲಕ್ಷ, ಮುಂದಿನ ವರ್ಷ 50 ಲಕ್ಷ. ಈ ವರ್ಷದ ಉಳಿತಾಯ 1.2 ಕೋಟಿಗೆ ಏರುತ್ತದೆ. ಇಬ್ಬರು ಆಟಗಾರರನ್ನು ಮಾರ್ಚ್‌ನಲ್ಲೇ ಬಿಟ್ಟು ಈ ಸೌಲಭ್ಯ ಪಡೆಯಬಹುದು, ಆದರೆ ಉಳಿದ ದುಡ್ಡು ಕೈಗೆ ಸಿಗುವುದು ಜೂನ್‌ನಲ್ಲಿ. ಮಾರ್ಚ್‌ನ ಫ್ರೀ ಏಜೆನ್ಸಿಗೆ ಅದು ಒದಗುವುದಿಲ್ಲ. ಇದನ್ನು ಮರೆತವರ ಅಂದಾಜು ಪೂರಾ ಕೆಡುತ್ತದೆ. ಡೆನ್ವರ್ 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನನ್ನು ಬಿಟ್ಟಾಗ ಬಿದ್ದ ಡೆಡ್ ಮನಿ 8.5 ಕೋಟಿ ಡಾಲರ್. ಅದನ್ನು 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ ಎಂದು ಒಡೆದದ್ದು ಇದೇ ನಿಯಮದಲ್ಲಿ.

ಬೇಸಿಗೆಯಲ್ಲಿ "ಕ್ಯಾಪ್‌ನಲ್ಲಿ ಇಷ್ಟು ಜಾಗವಿದೆ" ಎನ್ನುತ್ತಾರಲ್ಲ, ಅದನ್ನು ನಂಬಬಹುದೇ?

ಅರ್ಧ ನಂಬಿ. ಆಫ್‌ಸೀಸನ್‌ನಲ್ಲಿ 90 ಜನರಿದ್ದರೂ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಅತಿ ದುಬಾರಿ 51 ಮಂದಿಯ ಮೊತ್ತ ಮತ್ತು ಡೆಡ್ ಮನಿ. ಹೊಸಬ ಸೇರಿದಾಗ 51ನೆಯವನು ಹೊರಬೀಳುತ್ತಾನೆ. ರೂಕಿಯ (ಮೊದಲ ವರ್ಷದ ಹೊಸಬನ) ಕ್ಯಾಪ್ ಹಿಟ್ 30 ಲಕ್ಷ, ಹೊರಬಿದ್ದವನದು 9 ಲಕ್ಷ ಇದ್ದರೆ ನಿಜವಾದ ಖರ್ಚು 21 ಲಕ್ಷ. ಕೊನೆಯ ಸುತ್ತುಗಳ ರೂಕಿಗಳು 51ರ ಒಳಗೇ ಬರುವುದಿಲ್ಲ. ಅವರ ಬೋನಸ್‌ನ ಸಣ್ಣ ಪಾಲಷ್ಟೇ ಲೆಕ್ಕಕ್ಕೆ.

ಇನ್ನೊಂದು ದಿಕ್ಕಿನಿಂದ ಕಳೆಯಬೇಕಾದದ್ದೂ ಇದೆ. ಸೀಸನ್ ಶುರುವಾದರೆ 53 ಜನರೂ ಎಣಿಕೆಗೆ ಬರುತ್ತಾರೆ. ಪ್ರಾಕ್ಟೀಸ್ ಸ್ಕ್ವಾಡ್‌ಗೆ 2025ರ ಕನಿಷ್ಠ ದರ ವಾರಕ್ಕೆ 13,000 ಡಾಲರ್. 16 ಜನ, 18 ವಾರ ಎಂದರೆ 37 ಲಕ್ಷ ದಾಟುತ್ತದೆ. ಗಾಯಗೊಂಡವರ ಜಾಗಕ್ಕೆ ಬರುವವರ ಸಂಬಳ ಬೇರೆ. ಕೈಯಲ್ಲಿ 1 ಕೋಟಿ ತೋರಿಸುವ ತಂಡ ಆಗಸ್ಟ್‌ನಲ್ಲಿ ಅಷ್ಟನ್ನೂ ಖರ್ಚು ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಉಳಿಸಿದ ಹಣ ಮುಂದಿನ ವರ್ಷಕ್ಕೆ ಸಾಗುತ್ತದೆ, ವ್ಯರ್ಥವಾಗುವುದಿಲ್ಲ.

ರೀಸ್ಟ್ರಕ್ಚರ್ ಮಾಡಿದರೆ ಜಾಗ ಸಿಗುತ್ತದೆ. ಹಾಗಾದರೆ ಕ್ಯಾಪ್ ಬರೀ ಕಾಗದದ ಮಾತೇ?

ಅಲ್ಲ. ರೀಸ್ಟ್ರಕ್ಚರ್, ಅಂದರೆ ಸಂಬಳವನ್ನು ಬೋನಸ್ ಆಗಿ ಬದಲಿಸುವುದು, ಮುಂದಿನ ವರ್ಷಗಳ ಮೇಲೆ ಎತ್ತಿದ ಸಾಲ. 2 ಕೋಟಿ ಸಂಬಳದಲ್ಲಿ 1.8 ಕೋಟಿಯನ್ನು ಬೋನಸ್ ಆಗಿ ಬದಲಿಸಿ ಉಳಿದ ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 60 ಲಕ್ಷ. ಈ ವರ್ಷ 1.2 ಕೋಟಿ ಉಳಿಯಿತು, ಮುಂದಿನ ಎರಡೂ ವರ್ಷ 60 ಲಕ್ಷ ಹೆಚ್ಚಾಯಿತು. ಕೊನೆಗೆ ಲೆಕ್ಕಕ್ಕಷ್ಟೇ ಇರುವ ಎರಡು ಹುಸಿ ವರ್ಷಗಳನ್ನು ಅಂಟಿಸಿ ಐದಕ್ಕೆ ಹಂಚಿದರೆ ವರ್ಷಕ್ಕೆ 36 ಲಕ್ಷ, ಈಗಿನ ಉಳಿತಾಯ 1.44 ಕೋಟಿ, ಮೂರು ವರ್ಷದ ಬಳಿಕ ಅವನು ಹೊರಟಾಗ 72 ಲಕ್ಷ ಒಮ್ಮೆಲೇ ತಲೆಯ ಮೇಲೆ.

ಕ್ಯಾಪ್ ವರ್ಷವರ್ಷ ಏರುತ್ತಿರುವುದರಿಂದ ಈ ಸಾಲ ಹಲವು ಬಾರಿ ಲಾಭದ ವ್ಯವಹಾರವೇ ಆಗುತ್ತದೆ. ಆದರೆ ಯಾರ ಮೇಲೆ ಸಾಲ ಎತ್ತಿದ್ದಾರೆ ಎಂಬುದನ್ನು ನೋಡಬೇಕು. 26 ವರ್ಷ ವಯಸ್ಸಿನ ಟ್ಯಾಕಲ್ ಮೇಲೆ ಎತ್ತಿದ ಸಾಲ ಬೇರೆ, 32 ವರ್ಷದ ಕಾರ್ನರ್ ಮೇಲೆ ಎತ್ತಿದ್ದು ಬೇರೆ. ಎರಡನೆಯವನು ಆಟ ಕಳೆದುಕೊಂಡ ಮೇಲೂ ತಂಡ ಅವನನ್ನು ಬಿಡಲಾಗದೆ ಆಡಿಸುತ್ತಿರುತ್ತದೆ. 2021ರಲ್ಲಿ ಕೋವಿಡ್ ಕಾರಣಕ್ಕೆ ಕ್ಯಾಪ್ 19.82 ಕೋಟಿಯಿಂದ 18.25 ಕೋಟಿಗೆ ಇಳಿದಾಗ ಸಾಲದ ಮೇಲೆ ನಿಂತ ತಂಡಗಳು ಒಳ್ಳೆಯ ಆಟಗಾರರನ್ನೇ ಬಿಡಬೇಕಾಯಿತು.

"ಒಪ್ಪಂದ ಮುಗಿದಿದೆ" ಎಂದರೆ ಆಟಗಾರ ಹೋದನೆಂದೇ?

ಇಲ್ಲ, ಸೀಸನ್‌ಗಳ ಎಣಿಕೆ ನೋಡಿ. ಆರು ಅಥವಾ ಹೆಚ್ಚು ಪಂದ್ಯಗಳ ಕಾಲ ಪೂರ್ಣ ಸಂಬಳದ ಪಟ್ಟಿಯಲ್ಲಿದ್ದರೆ ಒಂದು ಸೀಸನ್ ಜಮೆ. ಅಂಥ ನಾಲ್ಕು ಆದವನು ಸ್ವತಂತ್ರ. ಮೂರು ಆದವನಿಗೆ ಹಳೆಯ ತಂಡ ಟೆಂಡರ್ (ಒಂದು ವರ್ಷದ ನಿಗದಿತ ಮೊತ್ತದ ಕೊಡುಗೆ) ಕೊಟ್ಟರೆ, ಬೇರೆಯವರ ಕೊಡುಗೆಗೆ ಸರಿಗಟ್ಟಿ ಉಳಿಸಿಕೊಳ್ಳುವ ಹಕ್ಕು ಅದಕ್ಕಿರುತ್ತದೆ. ಮೂರಕ್ಕಿಂತ ಕಡಿಮೆ ಇದ್ದರೆ, ತಂಡ ಕನಿಷ್ಠ ಮೊತ್ತ ಮುಂದಿಟ್ಟ ಮೇಲೆ ಅವನು ಬೇರೆಲ್ಲೂ ಮಾತಾಡುವಂತಿಲ್ಲ. ಹಾಳೆಯಲ್ಲಿ ಇವರನ್ನೂ "ಖಾಲಿ" ಎಂದು ಬರೆದು ತೂತುಗಳನ್ನು ಹೆಚ್ಚಿಸಿಕೊಳ್ಳುವುದು ಸಾಮಾನ್ಯ ತಪ್ಪು.

ಸ್ವತಂತ್ರನಾಗಬೇಕಾದ ಒಬ್ಬನನ್ನು ಫ್ರಾಂಚೈಸ್ ಟ್ಯಾಗ್ ಹಾಕಿ ಒಂದು ವರ್ಷ ಕಟ್ಟಿಹಾಕಬಹುದು. ದೀರ್ಘ ಒಪ್ಪಂದಕ್ಕೆ ಜುಲೈ ಮಧ್ಯದವರೆಗೆ ಅವಕಾಶ. ಮೊದಲ ಸುತ್ತಿನಲ್ಲಿ ಬಂದವರಿಗೆ ಮಾತ್ರ ಐದನೇ ವರ್ಷದ ಆಯ್ಕೆ. ಅದನ್ನು ಒಪ್ಪಿದ ಕ್ಷಣವೇ ಆ ಸಂಬಳಕ್ಕೆ ಪೂರ್ಣ ಗ್ಯಾರಂಟಿ ಬರುವುದರಿಂದ ತಂಡ ಆಟಗಾರನನ್ನು ಎಷ್ಟು ನಂಬುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ. ಯಾರ ಆಯ್ಕೆಯನ್ನು ಬಿಟ್ಟರು ಎಂದು ಮೇ ತಿಂಗಳಲ್ಲಿ ತಪ್ಪದೆ ನೋಡಿ.

ಕಾಂಪನ್ಸೇಟರಿ ಪಿಕ್ (ಪರಿಹಾರವಾಗಿ ಸಿಗುವ ಡ್ರಾಫ್ಟ್ ಸರದಿ) ಹೇಗೆ ಸಿಗುತ್ತದೆ?

ಗಳಿಸಿದ್ದಕ್ಕಿಂತ ಹೆಚ್ಚು ಬೆಲೆಯ ಸ್ವತಂತ್ರ ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಮೂರರಿಂದ ಏಳನೇ ಸುತ್ತಿನ ಕೊನೆಗೆ ಪಿಕ್‌ಗಳು, ತಂಡಕ್ಕೆ ಗರಿಷ್ಠ ನಾಲ್ಕು. ತಂಡವೇ ಕೈಬಿಟ್ಟವನು ಈ ಲೆಕ್ಕದಲ್ಲಿಲ್ಲ. ಡ್ರಾಫ್ಟ್ ಮುಗಿದ ನಂತರದ ಸೋಮವಾರ ದಾಟಿ ಸಹಿ ಹಾಕಿದವರೂ ಇಲ್ಲ. ಮಾರ್ಚ್‌ನಲ್ಲಿ ಸುಮ್ಮನಿದ್ದ ತಂಡ ಮೇ ಆರಂಭದಲ್ಲಿ ಹಠಾತ್ತನೆ ಇಬ್ಬರು ಹಿರಿಯರನ್ನು ಸೇರಿಸಿಕೊಳ್ಳುವುದರ ಗುಟ್ಟು ಇದು.

ಡ್ರಾಫ್ಟ್ ತೂತುಗಳನ್ನು ಮುಚ್ಚುವುದಿಲ್ಲವೇ?

ಮೊದಲ ವರ್ಷಕ್ಕೆ ಅಷ್ಟಾಗಿ ಇಲ್ಲ. ಹಾಳೆಯಲ್ಲಿ ರೂಕಿಯ ಮುಂದೆ ಸ್ನ್ಯಾಪ್ ಬರೆಯುವಾಗ ಕೈ ಬಿಗಿ ಹಿಡಿಯಿರಿ. ಒಂದು ಮತ್ತು ಎರಡನೇ ಸುತ್ತಿನವರಿಗೆ ಸ್ಟಾರ್ಟರ್‌ನ ಪಾಲು ಕೊಡಬಹುದು. ಮೂರನೇ ಸುತ್ತಿನಿಂದ ಮುಂದಿನವರಿಗೆ ಬದಲಿ ಆಟ ಮತ್ತು ಸ್ಪೆಷಲ್ ಟೀಮ್ಸ್ (ಕಿಕ್, ಪಂಟ್ ಆಟಗಳಿಗೆ ಇಳಿಯುವ ತಂಡ) ಎಂದಿಟ್ಟುಕೊಳ್ಳಿ. ಹೆಚ್ಚು ಸಿಕ್ಕರೆ ಸಂತೋಷ.

ಡ್ರಾಫ್ಟ್‌ನ ನಿಜವಾದ ಬೆಲೆ ಅಗ್ಗದ ನಾಲ್ಕು ವರ್ಷಗಳಲ್ಲಿದೆ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯ 262ನೇ ಪಿಕ್ ಆಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಬ್ರಾಕ್ ಪರ್ಡಿ 2023ರಲ್ಲಿ 10 ಲಕ್ಷ ಡಾಲರ್‌ಗೂ ಕಡಿಮೆ ಕ್ಯಾಪ್ ಹಿಟ್‌ನಲ್ಲಿ ತಂಡವನ್ನು ಸೂಪರ್ ಬೌಲ್‌ಗೆ ಒಯ್ದ. ಮೂರು ಸೀಸನ್ ಮುಗಿಯದೆ ಡ್ರಾಫ್ಟ್ ಆದವರ ಒಪ್ಪಂದ ತಿದ್ದುವಂತಿಲ್ಲ. ಅದು ಮುಗಿದ ಮೇಲೆ 2025ರ ಮೇ ತಿಂಗಳಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿಯ ಒಪ್ಪಂದವಾಯಿತು. ನಡುವಿನ ಆ ವರ್ಷಗಳಲ್ಲಿ ಉಳಿದ ದುಡ್ಡೇ ಸುತ್ತಲಿನ ದುಬಾರಿ ಆಟಗಾರರನ್ನು ಹಿಡಿದಿಟ್ಟಿತ್ತು. ಹಾಗಾಗಿ ಯಾವ ತಂಡವನ್ನು ತೂಗಿದರೂ ಕ್ವಾರ್ಟರ್‌ಬ್ಯಾಕ್ ರೂಕಿ ಒಪ್ಪಂದದಲ್ಲಿದ್ದಾನೋ, 2024ರಲ್ಲಿ ಡ್ಯಾಕ್ ಪ್ರೆಸ್ಕಾಟ್‌ಗೆ ಸಿಕ್ಕಂತೆ ವರ್ಷಕ್ಕೆ 6 ಕೋಟಿಯ ಒಪ್ಪಂದದಲ್ಲಿದ್ದಾನೋ ಎಂಬುದು ಮೊದಲ ಸಾಲಿನಲ್ಲಿರಬೇಕು.

ಕಳೆದ ವರ್ಷದ ಗೆಲುವು-ಸೋಲನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕು?

ಗೆಲುವಿಗಿಂತ ಅಂಕಗಳ ಅಂತರ ನೋಡಿ. ಮಿನ್ನೆಸೋಟಾ 2022ರಲ್ಲಿ 13 ಗೆದ್ದು 4 ಸೋತಿತು. ಎಂಟು ಅಂಕದೊಳಗೆ ತೀರ್ಮಾನವಾದ ಪಂದ್ಯಗಳಲ್ಲಿ 11ಕ್ಕೆ 11 ಗೆಲುವು! ಆದರೂ ಇಡೀ ಸೀಸನ್ನಿನಲ್ಲಿ ಗಳಿಸಿದ ಅಂಕಗಳಿಗಿಂತ ಕೊಟ್ಟದ್ದು ಮೂರು ಹೆಚ್ಚು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಸೋತಿತು, ಮರುವರ್ಷ 7–10ಕ್ಕೆ (7 ಗೆಲುವು, 10 ಸೋಲು) ಇಳಿಯಿತು. ಬಿಗಿ ಪಂದ್ಯಗಳ ಗೆಲುವು, ಎದುರಾಳಿ ಕೈಜಾರಿಸಿದ ಚೆಂಡು ಸಿಗುವುದು ಇವು ವರ್ಷದಿಂದ ವರ್ಷಕ್ಕೆ ನಿಲ್ಲುವ ಗುಣಗಳಲ್ಲ. ಆಫೆನ್ಸಿವ್ ಲೈನ್‌ನ ಬಲ, ಪಾಸ್ ರಶ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಶಕ್ತಿ) ಹೆಚ್ಚು ನಿಲ್ಲುತ್ತವೆ.

ಕೊನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಸುಲಭದ ವೇಳಾಪಟ್ಟಿ ಸಿಗುತ್ತದೆಂಬ ಮಾತಿಗೂ ಹೆಚ್ಚು ಬೆಲೆ ಕೊಡಬೇಡಿ. 17ರಲ್ಲಿ ಸ್ಥಾನ ನೋಡಿ ಬದಲಾಗುವುದು ಮೂರು ಪಂದ್ಯ ಮಾತ್ರ.

ಗಾಯಾಳುಗಳನ್ನು ಹೇಗೆ ಎಣಿಸುವುದು?

ತಿಂಗಳು ಎಣಿಸಿ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಸಾಮಾನ್ಯವಾಗಿ 9ರಿಂದ 12 ತಿಂಗಳು. ಅಕ್ಟೋಬರ್‌ನಲ್ಲಿ ಹರಿದವನು ಸೆಪ್ಟೆಂಬರ್‌ಗೆ ಬರಬಹುದು. ಡಿಸೆಂಬರ್ ಕೊನೆಗೆ ಹರಿದವನ ಮುಂದೆ 17 ಪಂದ್ಯ ಬರೆಯಬೇಡಿ. ಆಗಸ್ಟ್ ಕೊನೆಗೂ ಪಿಯುಪಿ (ದೈಹಿಕವಾಗಿ ಆಡಲು ಸಿದ್ಧರಿಲ್ಲದವರ) ಪಟ್ಟಿಯಲ್ಲೇ ಉಳಿದರೆ ಕನಿಷ್ಠ ಮೊದಲ ನಾಲ್ಕು ಪಂದ್ಯ ತಪ್ಪುತ್ತವೆ. ಓಟ ಮತ್ತು ತಿರುವೇ ಬಂಡವಾಳವಾದ ಕಾರ್ನರ್, ರನ್ನಿಂಗ್ ಬ್ಯಾಕ್‌ಗಳು ಮೈದಾನಕ್ಕೆ ಮರಳಿದ ಮೇಲೂ ಹಳೆಯ ವೇಗಕ್ಕೆ ಸಮಯ ಹಿಡಿಯುತ್ತದೆ.

ಎರಡನೇ ಕ್ವಾರ್ಟರ್‌ಬ್ಯಾಕ್ ಅಷ್ಟು ಮುಖ್ಯವೇ?

2017ರಲ್ಲಿ ಫಿಲಡೆಲ್ಫಿಯಾದ ಮೊದಲ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಡಿಸೆಂಬರ್‌ನಲ್ಲಿ ಗಾಯಗೊಂಡ. ಎರಡನೆಯವನಾದ ನಿಕ್ ಫೋಲ್ಸ್ ಸೂಪರ್ ಬೌಲ್ ಗೆದ್ದುಕೊಟ್ಟ. 2023ರಲ್ಲಿ ನ್ಯೂಯಾರ್ಕ್ ಜೆಟ್ಸ್‌ನ ಆರನ್ ರಾಜರ್ಸ್ ನಾಲ್ಕನೇ ಸ್ನ್ಯಾಪ್‌ನಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಬಲವಾದ ಡಿಫೆನ್ಸ್ ಇದ್ದೂ ತಂಡ 7–10. ಮುಖ್ಯ.

ಕೋಚ್ ಬದಲಾದರೆ ಹಾಳೆಯೂ ಬದಲಾಗಬೇಕೇ?

ಹೌದು, ಸ್ನ್ಯಾಪ್ ಸಂಖ್ಯೆಗಿಂತ ಆಳಿನ ಕೆಲಸ ಬದಲಾಗುತ್ತದೆ. ಅಗಲಕ್ಕೆ ಓಡಿ ತಡೆಯುವ ಝೋನ್ ಪದ್ಧತಿಗೆ ಹಗುರ, ಚುರುಕು ಗಾರ್ಡ್‌ಗಳು ಬೇಕು. ಎದುರಿಗಿದ್ದವನನ್ನು ಗುದ್ದಿ ಸರಿಸುವ ಪದ್ಧತಿಗೆ ಭಾರದವರು. ಹೊಸ ಸಂಯೋಜಕ (ಆಫೆನ್ಸ್ ಅಥವಾ ಡಿಫೆನ್ಸ್ ನೋಡಿಕೊಳ್ಳುವ ಕೋಚ್) ಹಿಂದೆ ಕೆಲಸ ಮಾಡಿದ ತಂಡದಲ್ಲಿ ಎಷ್ಟು ಟೈಟ್ ಎಂಡ್‌ಗಳನ್ನು ಆಡಿಸಿದ, ನಿಕಲ್ ಎಷ್ಟು ಬಳಸಿದ ಎಂದು ಹುಡುಕಿ. ಯಾರ ಪಾಲು ಬೆಳೆಯುತ್ತದೆ, ಯಾರದು ಕರಗುತ್ತದೆ ಎಂಬುದು ಅಲ್ಲೇ ಕಾಣುತ್ತದೆ.

ಈ ವಿಧಾನವನ್ನು ಒಂದು ನಿಜವಾದ ತಂಡಕ್ಕೆ ಹಚ್ಚಿ ತೋರಿಸಬಹುದೇ?

2024ರ ಫಿಲಡೆಲ್ಫಿಯಾ ಈಗಲ್ಸ್. 2023ರಲ್ಲಿ 10–1ರಿಂದ ಶುರುಮಾಡಿ 11–6ಕ್ಕೆ ಮುಗಿಸಿ, ಪ್ಲೇಆಫ್‌ನಲ್ಲಿ ಟ್ಯಾಂಪಾ ಬೇ ಕೈಯಲ್ಲಿ 9–32ರಿಂದ ಸೋತ ತಂಡ. ತಾರೆಗಳ ಪಟ್ಟಿ ನೋಡಿದವರಿಗೆ ದೊಡ್ಡ ಕೊರತೆ ಕಾಣುತ್ತಿರಲಿಲ್ಲ. ಸ್ನ್ಯಾಪ್ ಹಾಳೆಯಲ್ಲಿ ಮಾತ್ರ ನಾಲ್ಕು ಕಡೆ ಕೆಂಪು ಬೀಳುತ್ತಿತ್ತು: ನಿವೃತ್ತನಾದ ಸೆಂಟರ್ ಜೇಸನ್ ಕೆಲ್ಸಿ, 30 ದಾಟಿದ ಇಬ್ಬರು ಕಾರ್ನರ್‌ಗಳು, ನಿಕಲ್, ಒಳಗಿನ ಲೈನ್‌ಬ್ಯಾಕರ್.

ಸೆಂಟರ್ ಜಾಗಕ್ಕೆ ಉತ್ತರ ಮನೆಯಲ್ಲೇ ಇತ್ತು. ಕ್ಯಾಮ್ ಜರ್ಗೆನ್ಸ್‌ನನ್ನು 2022ರ ಎರಡನೇ ಸುತ್ತಿನಲ್ಲೇ ಇದಕ್ಕೆಂದು ತಂದು ಒಂದು ವರ್ಷ ಗಾರ್ಡ್ ಆಡಿಸಿದ್ದರು. ಅವನು ಒಳಕ್ಕೆ ಸರಿದಾಗ ತೆರವಾದ ಬಲ ಗಾರ್ಡ್ ಜಾಗಕ್ಕೆ ಮೆಕಾಯ್ ಬೆಕ್ಟನ್ ಎಂಬ ಟ್ಯಾಕಲ್‌ನನ್ನು ಒಂದು ವರ್ಷಕ್ಕೆ ತಂದು ಬದಲಿಸಿದರು. ಡ್ರಾಫ್ಟ್‌ನ ಮೊದಲ ಎರಡು ಪಿಕ್‌ಗಳು, 22ನೆಯದು ಕ್ವಿನ್ಯನ್ ಮಿಚೆಲ್, 40ನೆಯದು ಕೂಪರ್ ಡಿಜೀನ್, ಎರಡೂ ಹಿಂದಿನ ಸಾಲಿಗೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲಿ ಮತ್ತು ಅಂಚಿನಲ್ಲಿ ಆಡುತ್ತಿದ್ದ ಝ್ಯಾಕ್ ಬಾನ್‌ಗೆ ಒಂದು ವರ್ಷಕ್ಕೆ 35 ಲಕ್ಷ ಡಾಲರ್. ಹೊಸ ಡಿಫೆನ್ಸ್ ಸಂಯೋಜಕ ವಿಕ್ ಫ್ಯಾಂಜಿಯೊ ಅವನನ್ನು ಒಳಗಿನ ಲೈನ್‌ಬ್ಯಾಕರ್ ಮಾಡಿದ, ಅವನು ಆ ವರ್ಷ ಆಲ್-ಪ್ರೊ (ಲೀಗ್‌ನ ವರ್ಷದ ಶ್ರೇಷ್ಠರ ಪಟ್ಟಿಯವನು) ಆದ. ಸುದ್ದಿಯೆಲ್ಲ ರನ್ನಿಂಗ್ ಬ್ಯಾಕ್ ಸಾಕ್ವಾನ್ ಬಾರ್ಕ್ಲಿಯ ಮೂರು ವರ್ಷ, 3.775 ಕೋಟಿಯ ಒಪ್ಪಂದದ್ದು. ಅವನು 2,005 ಗಜ ಓಡಿ ಅದನ್ನು ತೀರಿಸಿದ ನಿಜ, ಆದರೆ ಓಡಲು ದಾರಿ ಬಿಟ್ಟದ್ದು ಆ ಲೈನ್. ಡಿಫೆನ್ಸ್ ಕಡಿಮೆ ಗಜ ಬಿಟ್ಟುಕೊಟ್ಟವರ ಸಾಲಿನಲ್ಲಿ ಲೀಗ್‌ಗೇ ಮೊದಲಾಯಿತು. 2025ರ ಫೆಬ್ರವರಿ 9ರಂದು ಕ್ಯಾನ್ಸಸ್ ಸಿಟಿಯನ್ನು 40–22ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು.

ತಪ್ಪಿದ್ದನ್ನೂ ಹೇಳಬೇಕು. ಅದೇ ಮಾರ್ಚ್‌ನಲ್ಲಿ ಎಡ್ಜ್ ಆಟಗಾರ ಬ್ರೈಸ್ ಹಫ್‌ಗೆ ಮೂರು ವರ್ಷಕ್ಕೆ 5.1 ಕೋಟಿ ಕೊಟ್ಟರು. ಹಿಂದಿನ ವರ್ಷ ಜೆಟ್ಸ್‌ನಲ್ಲಿ 10 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿದ್ದ, ಆದರೆ ಅದು ಬಹುತೇಕ ಪಾಸ್ ಖಚಿತವಿದ್ದ ಆಟಗಳಲ್ಲಿ, ಅರ್ಧಕ್ಕಿಂತ ಕಡಿಮೆ ಸ್ನ್ಯಾಪ್‌ನಲ್ಲಿ. ಪೂರ್ಣಾವಧಿ ಕೆಲಸಕ್ಕೆ ಹಚ್ಚಿದಾಗ ಹೊಂದಲಿಲ್ಲ, ಮಣಿಕಟ್ಟಿನ ಗಾಯವೂ ಸೇರಿ 2.5 ಸ್ಯಾಕ್‌ಗೆ ನಿಂತ; ಸೂಪರ್ ಬೌಲ್ ದಿನ ಪಟ್ಟಿಯಲ್ಲೇ ಇರಲಿಲ್ಲ. ಸ್ಯಾಕ್ ಸಂಖ್ಯೆಯ ಪಕ್ಕದಲ್ಲಿ ಸ್ನ್ಯಾಪ್ ಸಂಖ್ಯೆ ಬರೆಯದಿದ್ದರೆ ಈ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಕ್ಯಾಂಪ್ ಸುದ್ದಿಗಳಲ್ಲಿ ಯಾವುದನ್ನು ನಂಬಬಹುದು?

"ಈ ವರ್ಷ ಅವನ ಮೈಕಟ್ಟೇ ಬೇರೆ" ಎಂಬ ಜೂನ್ ಸುದ್ದಿಯನ್ನು ಪಕ್ಕಕ್ಕಿಡಿ. ಪ್ಯಾಡ್ ಕಟ್ಟದ ಅಭ್ಯಾಸದಲ್ಲಿ ಲೈನ್‌ಮನ್ ಬಗ್ಗೆ ಏನೂ ತಿಳಿಯುವುದಿಲ್ಲ. ಮೊದಲ ತಂಡದ ಜೊತೆ ಯಾರು ನಿಲ್ಲುತ್ತಿದ್ದಾರೆ ಎಂಬುದು ಮಾತ್ರ ಸತ್ವದ ಸುದ್ದಿ. ಪ್ರೀಸೀಸನ್ ಪಂದ್ಯಗಳಲ್ಲಿ ಯಾರನ್ನು ಆಡಿಸದೆ ಕೂರಿಸಿದರು ಎಂದು ನೋಡಿ. ಅವರ ಜಾಗ ಭದ್ರ. ನಾಲ್ಕನೇ ಕ್ವಾರ್ಟರ್‌ನಲ್ಲಿ ಮಿಂಚಿದವನಿಗಿಂತ ಪಂಟ್ ತಂಡದಲ್ಲಿ ಮೊದಲ ಸಾಲಿಗೆ ಇಳಿದವನು 53ರೊಳಗೆ ಉಳಿಯುವ ಸಾಧ್ಯತೆ ಹೆಚ್ಚು. ಕೊನೆಯ ಎಂಟು ಹತ್ತು ಜಾಗ ತೀರ್ಮಾನವಾಗುವುದು ಸ್ಪೆಷಲ್ ಟೀಮ್ಸ್‌ನಲ್ಲಿ. 2024ರಲ್ಲಿ ಕಿಕಾಫ್ ನಿಯಮ ಬದಲಾಗಿ ಹೆಚ್ಚು ಚೆಂಡುಗಳು ವಾಪಸ್ ಓಡತೊಡಗಿದ ಮೇಲೆ ಅವರ ಬೆಲೆ ಇನ್ನಷ್ಟು ಏರಿದೆ.

53 ಪ್ರಕಟವಾದ ದಿನ ಮೌಲ್ಯಮಾಪನ ಮುಗಿಸಬಹುದೇ?

ಎರಡು ದಿನ ಕಾಯಿರಿ. ನಾಲ್ಕು ಸೀಸನ್ ಪೂರೈಸದವರನ್ನು ಬಿಟ್ಟಾಗ ಅವರು ವೇವರ್‌ಗೆ ಹೋಗುತ್ತಾರೆ. ಮರುದಿನ ಮಧ್ಯಾಹ್ನದವರೆಗೆ ಬೇರೆ ತಂಡಗಳು ಕೇಳಬಹುದು, ಡ್ರಾಫ್ಟ್ ಸರದಿಯಂತೆ ದುರ್ಬಲರಿಗೆ ಮೊದಲ ಹಕ್ಕು. ಹಿರಿಯರು ನೇರ ಸ್ವತಂತ್ರರು. ಹೀಗಾಗಿ ತಂಡಗಳು ನಂಬಿಕೆಯ ಹಿರಿಯನೊಬ್ಬನನ್ನು ಮಂಗಳವಾರ ಬಿಟ್ಟು, ಗಾಯಾಳುವನ್ನು ಮೀಸಲು ಪಟ್ಟಿಗೆ ಸರಿಸಿ ಜಾಗ ಮಾಡಿಕೊಂಡು, ಬುಧವಾರವೋ ಗುರುವಾರವೋ ಅವನನ್ನೇ ಮರಳಿ ಕರೆಯುತ್ತವೆ. ಪಟ್ಟಿಯಲ್ಲಿ ಲಾಂಗ್ ಸ್ನ್ಯಾಪರ್ ಕಾಣುತ್ತಿಲ್ಲ ಎಂದು ಗಾಬರಿಯಾಗಬೇಡಿ, ಬಹುಮಟ್ಟಿಗೆ ಇದೇ ಕಾರಣ. ದೊಡ್ಡ ಟ್ರೇಡ್‌ಗಳೂ ಈ ವಾರದಲ್ಲಿ ನಡೆಯುತ್ತವೆ: ಡಲ್ಲಾಸ್ ತನ್ನ ಎಡ್ಜ್ ಆಟಗಾರ ಮೈಕಾ ಪಾರ್ಸನ್ಸ್‌ನನ್ನು ಎರಡು ಮೊದಲ ಸುತ್ತಿನ ಪಿಕ್ ಮತ್ತು ಡಿಫೆನ್ಸಿವ್ ಲೈನ್‌ಮನ್ ಕೆನ್ನಿ ಕ್ಲಾರ್ಕ್‌ಗೆ ಬದಲಾಗಿ ಗ್ರೀನ್ ಬೇಗೆ ಕಳಿಸಿದ್ದು 2025ರ ಆಗಸ್ಟ್ 28ರಂದು, ಪಟ್ಟಿ ಪ್ರಕಟವಾದ ಎರಡು ದಿನದ ಮೇಲೆ. ಪ್ರಾಕ್ಟೀಸ್ ಸ್ಕ್ವಾಡ್‌ನ 16 ಹೆಸರೂ ಗೊತ್ತಾದ ಮೇಲೆ ಹಾಳೆಯಲ್ಲಿ ನಿಮ್ಮ ಅಂದಾಜು ಸ್ನ್ಯಾಪ್‌ಗಳನ್ನು ತುಂಬಿ, ದಿನಾಂಕ ಬರೆದು ಎತ್ತಿಡಿ. ಜನವರಿಯಲ್ಲಿ ಅದರ ಪಕ್ಕಕ್ಕೆ ನಿಜವಾದ ಸ್ನ್ಯಾಪ್‌ಗಳನ್ನು ಬರೆಯುವಾಗ ನಿಮ್ಮ ಅಂದಾಜು ಯಾವ ಜಾಗದಲ್ಲಿ ತಪ್ಪಿತೆಂದು ಸಾಲುಸಾಲಾಗಿ ಕಾಣುತ್ತದೆ.